ಅರಗಿನ ಗುಳಿಗೆ

ಕಪಿಲಾ ನದಿಯ ದಂಡೆಯಲ್ಲಿ ಸಿದ್ಧಮಲ್ಲಯ್ಯ ಎಂಬ ವೈದ್ಯಗುರುಗಳ ಆಶ್ರಮವಿತ್ತು. ಮಾತು ಕಮ್ಮಿ, ಕೆಲಸ ಜಾಸ್ತಿ ಎನ್ನುವ ಪೈಕಿ ಅವರು.

ಅವರ ಶಿಷ್ಯ ಪರ್ವತ. ಯಾವ ಬೇರಿಗೆ ಯಾವ ಗುಣ ಎಂದು ಕೇಳಿದರೆ ಸಾಕು, ಅರಳು ಹುರಿದಂತೆ ಹೇಳುತ್ತಿದ್ದ. ಕಲಿಯುವುದು ಇನ್ನೇನು ಮುಗಿದೇ ಹೋಯಿತು ಎಂದು ಅವನಿಗೇ ಅನ್ನಿಸತೊಡಗಿತ್ತು. ಹಾಗೆ ಅನ್ನಿಸುವ ಹೊತ್ತಿಗೇ ಮನುಷ್ಯ ಎಡವುವುದು ಲೋಕರೂಢಿ.

ಆಶ್ರಮದ ಪಕ್ಕದ ಊರಿನಲ್ಲಿ ಹರಿಗೋಲು ನಡೆಸುವ ಚಲುವಯ್ಯನಿಗೆ ರಕ್ತಭೇದಿ ಹಿಡಿಯಿತು. ಬೆಳಗಿಂದ ಸಂಜೆವರೆಗೆ ಹೊಳೆ ದಾಟಿಸುತ್ತಿದ್ದವನು ಚಾಪೆಯಿಂದ ಎದ್ದು ಹೊಸಿಲು ದಾಟಲಾರದಾದ.

ಗುರುಗಳು ಪರ್ವತನೊಡನೆ ಹೋಗಿ ನಾಡಿ ಹಿಡಿದರು. ಹೊಟ್ಟೆ ಒತ್ತಿ ನೋಡಿದರು. ಚಲುವಯ್ಯನ ಹೆಂಡತಿ ತಾಯಮ್ಮನ ಕೈಗೆ ಕೆಲವು ಗುಳಿಗೆ ಕೊಟ್ಟರು. ಒಂದು ಕಾಡುಗಿಡದ ತೊಗಟೆಯನ್ನು ಅರೆದು ಮಾಡಿದ ಗುಳಿಗೆ. ಅದರ ಮೇಲೆ ತೆಳ್ಳಗೆ ಅರಗಿನ ಲೇಪ. ಗಿಡದ ಹೆಸರು ಇಲ್ಲಿ ಬೇಡ. ಓದಿದವರಲ್ಲಿ ಒಬ್ಬರಾದರೂ ನಾಳೆ ಬೆಳಿಗ್ಗೆಯೇ ಅರೆದು ಕುಡಿದಾರು.

"ಹೊತ್ತಿಗೊಂದು. ಇಡಿಯಾಗಿ ನುಂಗಿಸಬೇಕು," ಎಂದರು ಗುರುಗಳು.

ಅಷ್ಟರಲ್ಲಿ ಆಚೆ ದಡದ ಊರಿನಿಂದ ಯಾರೋ ಕರೆಯಲು ಬಂದರು. ಪರ್ವತನನ್ನು ರೋಗಿಯ ಬಳಿ ಬಿಟ್ಟು ಗುರುಗಳು ಹೊರಟರು.

ಚಲುವಯ್ಯ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ. ಗಂಟಲು ಒಣಗಿ ಹೋಗಿತ್ತು, ಇಳಿಯಲಿಲ್ಲ. ಕೆಮ್ಮಿ ಉಗುಳಿದ. ಮತ್ತೆ ಹಾಕಿಕೊಂಡ, ಮತ್ತೆ ಕೆಮ್ಮಿದ. ಕಣ್ಣಲ್ಲಿ ನೀರು ಬಂತು.

"ಚಿಕ್ಕಯ್ನೋರೆ, ಗಂಟ್ಲಲ್ಲೇ ನಿಂತ್ಕೊಳ್ತದೆ. ನೋಡಕ್ಕಾಗಲ್ಲ. ಏನಾರ ಮಾಡಿ," ಎಂದಳು ತಾಯಮ್ಮ.

ಪರ್ವತನ ಕರುಳು ಚುರುಕ್ಕೆಂದಿತು. ಅರಗು ಇರುವುದು ಯಾಕೆ? ಕಹಿ ನಾಲಿಗೆಗೆ ತಾಕದಿರಲಿ ಎಂದು ತಾನೆ? ಒಳಗಿರುವ ಔಷಧಿ ಹೇಗೆ ಹೋದರೇನು, ಹೋಗಬೇಕಾದ್ದು ಹೊಟ್ಟೆಗೆ ತಾನೆ?

ಗುಳಿಗೆಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದ. ಅರಗಿನ ಚೂರುಗಳನ್ನು ಊದಿ ತೆಗೆದ. ಉಳಿದದ್ದನ್ನು ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿ, ಮೇಲೆ ಒಂದು ಚೂರು ಬೆಲ್ಲವನ್ನೂ ಹಾಕಿದ. ಅಜ್ಜಿ ಮೊಮ್ಮಗನಿಗೆ ಕುಡಿಸುವಷ್ಟು ಅಕ್ಕರೆಯಿಂದ ಕುಡಿಸಿದ.

ಲೋಟ ಕೆಳಗಿಟ್ಟು ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಚಲುವಯ್ಯನಿಗೆ ವಾಂತಿ ಶುರುವಾಯಿತು. ಶುರುವಾದದ್ದು ನಿಲ್ಲಲಿಲ್ಲ. ಕೆಳಗೆ ಹೋಗುತ್ತಿದ್ದದ್ದು ಸಾಲದೆಂದು ಮೇಲೂ ಹೋಗತೊಡಗಿತು. ಕೈಕಾಲು ತಣ್ಣಗಾದವು. ಕಣ್ಣು ಗುಳಿಬಿದ್ದವು.

ಔಷಧಿ ಸಾಲದೆ ಹೀಗಾಯಿತೇನೋ ಎಂದುಕೊಂಡು ಪರ್ವತ ಇನ್ನೊಂದು ಗುಳಿಗೆಯನ್ನು ಕಲ್ಲಿನ ಮೇಲಿಟ್ಟ. ಚಲುವಯ್ಯನ ಆಯಸ್ಸು ಗಟ್ಟಿ ಇತ್ತು. ಅಷ್ಟು ಹೊತ್ತಿಗೆ ಗುರುಗಳು ಬಾಗಿಲಲ್ಲಿ ಬಂದು ನಿಂತರು.

ಕಲ್ಲು ನೋಡಿದರು. ಅರಗಿನ ಚೂರು ನೋಡಿದರು. ಕಲ್ಲಿನ ಮೇಲಿದ್ದ ಗುಳಿಗೆಯನ್ನು ಎತ್ತಿಕೊಂಡರು.

ಗಂಜಿಯ ತಿಳಿಗೆ ಉಪ್ಪು ಹಾಕಿಸಿದರು. ಬಟ್ಟೆಯ ತುದಿ ಅದ್ದಿ ಅದ್ದಿ ಚಲುವಯ್ಯನ ತುಟಿಗೆ ಹಿಂಡಿದರು. ಸಂಜೆಯ ಹೊತ್ತಿಗೆ ವಾಂತಿ ನಿಂತಿತು. ಭೇದಿ ನಿಲ್ಲಲಿಲ್ಲ.

ಚಲುವಯ್ಯ ಕಣ್ಣು ತೆರೆದು ಗುರುಗಳನ್ನೇ ನೋಡಿದ.

"ವಿಷ ಕೊಟ್ರಲ್ಲ ಅಯ್ನೋರೆ ನಂಗೆ. ನಿಮ್ ಗುಳ್ಗೆ ನನ್ ಪರಾಣ ತೆಗೀತಿತ್ತು. ಇನ್ ಮ್ಯಾಕೆ ಈ ಬಾಯಿಗೆ ನಿಮ್ ಔಸ್ದಿ ಇಳಿಯಾಕಿಲ್ಲ. ಸತ್ರೂವೆ ಸರಿ."

"ನನ್ನ ಗುಳಿಗೇನೇ ಅದು," ಎಂದರು ಗುರುಗಳು.

ಚಲುವಯ್ಯ ಗೋಡೆಯ ಕಡೆ ತಿರುಗಿಕೊಂಡ. ಪರ್ವತ ಬಾಯಿ ತೆರೆಯಬೇಕಾಗಿತ್ತು; ತೆರೆಯಲಿಲ್ಲ.

ಆಶ್ರಮಕ್ಕೆ ಬಂದ ಮೇಲೆ ತಡೆಯಲಾರದೆ ಕೇಳಿದ.

"ಗುರುಗಳೇ, ತೊಗಟೆ ಅದೇ. ತೂಕ ಅದೇ. ನಾನು ಒಂದು ಚಿಟಿಕೆ ಸೇರಿಸಲಿಲ್ಲ, ಕಳೆಯಲಿಲ್ಲ. ಮದ್ದಾಗಬೇಕಾದ್ದು ವಿಷ ಹೇಗಾಯ್ತು?"

ಗುರುಗಳು ಎರಡು ಬಟ್ಟಲು ತಂದಿಟ್ಟರು. ಒಂದರಲ್ಲಿ ಹುಣಸೆ ಹುಳಿ ಕಿವುಚಿದರು. ಇನ್ನೊಂದಕ್ಕೆ, ಮಡಿವಾಳರು ಬಟ್ಟೆ ಒಗೆಯಲು ಬಳಸುವ ಚೌಳುಮಣ್ಣಿನ ತಿಳಿ ಹೊಯ್ದರು. ಎರಡಕ್ಕೂ ಒಂದೊಂದು ಗುಳಿಗೆ ಹಾಕಿದರು.

"ಕೂತು ನೋಡ್ತಿರು," ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದರು.

ಪರ್ವತ ಕೂತ. ಕಾಲು ಜೋಮು ಹಿಡಿಯಿತು. ಹುಳಿಯೊಳಗಿನ ಗುಳಿಗೆ ಹಾಕಿದ ಹಾಗೆಯೇ ಮಿರಮಿರ ಮಿರುಗುತ್ತಿತ್ತು. ಚೌಳಿನ ನೀರಿನಲ್ಲಿ ಅರಗು ಮೆಲ್ಲಗೆ ಮೆತ್ತಗಾಯಿತು, ಕರಗಿತು, ತೊಗಟೆಯ ಪುಡಿ ಹೊರಬಂದು ನೀರು ಕಂದಾಯಿತು.

ಗುರುಗಳು ಬಂದರು. "ನಮ್ಮ ಜಠರದಲ್ಲಿರೋದು ಏನು?"

"ಹುಳಿ."

"ಅದನ್ನ ದಾಟಿ ಕರುಳಿಗೆ ಹೋದ್ರೆ?"

"ಅಲ್ಲಿ ಹುಳಿ ಇಲ್ಲ." ಪರ್ವತ ಎರಡೂ ಬಟ್ಟಲುಗಳನ್ನು ಮತ್ತೆ ನೋಡಿದ. "ಅರಗು ಕರಗೋದು ಅಲ್ಲಿ. ಜಠರದಲ್ಲಿ ಬಿಚ್ಚಿಕೊಂಡ್ರೆ ಈ ತೊಗಟೆ ವಾಂತಿ ಮಾಡಿಸುತ್ತೆ. ಕರುಳಲ್ಲಿ ಬಿಚ್ಚಿಕೊಂಡ್ರೆ ಭೇದಿ ಕಟ್ಟುತ್ತೆ."

"ಹಾಗಾದ್ರೆ ಔಷಧಿ ಯಾವುದಪ್ಪ? ತೊಗಟೇನೋ, ಅರಗೋ?"

ಗುರುಗಳು ಉತ್ತರಕ್ಕೆ ಕಾಯಲಿಲ್ಲ. ಬಟ್ಟಲು ತೊಳೆದಿಡಲು ಹೇಳಿ ಎದ್ದರು.

ಮರುದಿನ ತಾಯಮ್ಮ ಓಡಿಬಂದಳು.

"ರಕ್ತ ಹೋಗೋದು ಇನ್ನೂ ಜಾಸ್ತಿ ಆಯ್ತು, ಅಯ್ನೋರೆ. ನನ್ ಕೈಲಿ ನೀರು ಬುಟ್ರೆ ಬ್ಯಾರೆ ಏನ್ನೂ ಬಾಯಿಗೆ ಮುಟ್ಸಕಿಲ್ಲ. ಹಿಂಗೇ ಆದ್ರೆ ಉಳಿಯಾಕಿಲ್ಲ ಕಣಪ್ಪ ನನ್ ಗಂಡ."

ಆ ಮನುಷ್ಯ ಸತ್ತರೆ ಕೊಂದವನು ತಾನು. ಇದು ಪರ್ವತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಗುರುಗಳೇ, ಬಾಯೇ ಬಿಡದವನಿಗೆ ಔಷಧಿ ಹೇಗೆ ಕೊಡೋದು?"

ಗುರುಗಳು ಅಡುಗೆಮನೆಯಿಂದ ಬೆಳ್ಳುಳ್ಳಿ ತಂದರು. "ಕಾಲು ಚಾಚು," ಎಂದರು.

"ನಿಮ್ಮ ಮುಂದೇನಾ?"

"ಇನ್ಯಾರ ಮುಂದೆ?"

ಪರ್ವತ ಅಂಜುತ್ತಾ ಕಾಲು ಚಾಚಿದ. ಗುರುಗಳು ಅವನ ಪಾದ ಹಿಡಿದು, ಜಜ್ಜಿದ ಬೆಳ್ಳುಳ್ಳಿಯನ್ನು ಅಂಗಾಲಿಗೆ ತಿಕ್ಕಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಶಿಷ್ಯನಿಗೆ. ಗುರುಗಳು ಮೇಲೊಂದು ಎಲೆಯಿಟ್ಟು ಬಟ್ಟೆ ಕಟ್ಟಿದರು. ಬಿಸಿಲು ಜಗಲಿ ಹತ್ತಿತು.

"ಬಾಯಲ್ಲಿ ಏನು ರುಚಿ?"

ಪರ್ವತ ನಾಲಿಗೆ ಆಡಿಸಿದ. ಬೆಚ್ಚಿದ. "ಬೆಳ್ಳುಳ್ಳಿ!"

"ಯಾವಾಗ ತಿಂದೆ?"

ಪರ್ವತ ತನ್ನ ಪಾದ ನೋಡಿಕೊಂಡ. ಆಮೇಲೆ ಮೆಲ್ಲಗೆ ಎಂದ, "ಮನೆಗೆ ಒಂದೇ ಬಾಗಿಲಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಮ್ಮಸ್ಸು ತಡೆಯಲಿಲ್ಲ. "ಹಾಗಾದ್ರೆ ಚಲುವಯ್ಯನ ಅಂಗಾಲಿಗೆ ತೊಗಟೆ ಅರೆದು ಹಚ್ಚೋಣವೇ?"

"ಅಳಲೆಕಾಯಿ ಪಂಡಿತ!" ಗುರುಗಳು ನಕ್ಕುಬಿಟ್ಟರು. "ಬೆಳ್ಳುಳ್ಳಿ ಹೋಯ್ತು ಅಂತ ತೊಗಟೇನೂ ಹೋಗುತ್ತೇನೋ? ಅವನ ಬೇನೆ ಎಲ್ಲಿದೆ, ಹೇಳು."

"ಕರುಳಿನ ಕೊನೇಲಿ."

"ಅಲ್ಲಿಗೆ ಹತ್ತಿರದ ಬಾಗಿಲು?"

ಪರ್ವತನ ಮುಖ ಕೆಂಪಾಯಿತು. "ಹಿಂಬಾಗಿಲು, ಗುರುಗಳೇ. ಅಲ್ಲಿಂದ ಔಷಧಿ ಏರಿಸೋ ಬಸ್ತಿ ಕೊಡಬೇಕು."

"ಹಾಗಾದ್ರೆ ಏಳು."

ಹಾಲು ಕಾಯಿಸಿ ಆರಿಸಿದರು. ತುಪ್ಪ ಬೆರೆಸಿದರು. ಬೂರುಗದ ಮರದ ಅಂಟು ಕದಡಿದರು. ಪರ್ವತ ತೊಗಟೆಯ ಪುಡಿ ತಂದ. ಈ ಸಲ ಅವನಾಗಿಯೇ ಹೇಳಿದ, "ಇದಕ್ಕೆ ಅರಗು ಬೇಕಿಲ್ಲ. ದಾರೀಲಿ ಹುಳಿ ಸಿಗೋದಿಲ್ಲ."

ಗುರುಗಳು ತಲೆಯಾಡಿಸಿದರು. ಆಮೇಲೆ ಪುಡಿಯಲ್ಲಿ ಅರ್ಧದಷ್ಟನ್ನು ತೆಗೆದು ಪಕ್ಕಕ್ಕಿಟ್ಟರು.

"ಯಾಕೆ ಗುರುಗಳೇ? ರೋಗ ಹೆಚ್ಚಾಗಿದೆಯಲ್ಲ."

"ದೂರದ ಊರಿಗೆ ಹೊರಟೋನಿಗೆ ಬುತ್ತಿ ಕಟ್ಟಬೇಕು. ಪಕ್ಕದ ಮನೆಗೆ ಹೋಗೋನಿಗೆ ಯಾತಕ್ಕೆ?"

ಚಲುವಯ್ಯನ ಮನೆಯಲ್ಲಿ ಇನ್ನೊಂದು ರಗಳೆ ಕಾದಿತ್ತು. ಬಸ್ತಿ ಎಂದರೆ ಏನು, ಎಲ್ಲಿಗೆ ಕೊಡುವುದು ಎಂದು ತಿಳಿದದ್ದೇ ಅವನು ಕಂಬಳಿಯನ್ನು ಸುತ್ತಿಕೊಂಡು ಮೂಲೆ ಸೇರಿದ.

"ಮಾನ ತೆಗೀಬ್ಯಾಡಿ. ಸಾಯ್ತೀನಿ, ಬುಟ್ಬುಡಿ."

ತಾಯಮ್ಮ ಸೊಂಟಕ್ಕೆ ಕೈಯಿಟ್ಟಳು. "ಮುಂಬಾಗ್ಲಿಗೆ ಅಗುಳಿ ಹಾಕ್ಕೊಂಡೋನು ನೀನು. ಈಗ ಹಿತ್ಲ ಕಡೆಯಿಂದ ಬಂದ್ರೂ ಬ್ಯಾಡ ಅಂದ್ರೆ ಹೆಂಗೆ? ಮಾನ ಇಟ್ಕೊಂಡು ಮಣ್ಣಿಗೆ ಹೋಯ್ತೀಯಾ? ತಿರುಗ್ಕೊ ಅತ್ಲಾಗೆ!"

ಚಲುವಯ್ಯ ತಿರುಗಿಕೊಂಡ. ಗುರುಗಳು ಬಾಗಿಲ ಹೊರಗೇ ನಿಂತರು. ಬಸ್ತಿ ಕೊಟ್ಟವನು ಪರ್ವತ. ಒಂದು ಹನಿಯೂ ಚೆಲ್ಲಲಿಲ್ಲ.

ಎರಡನೆಯ ಬಸ್ತಿಗೆ ಹೊಟ್ಟೆಯ ಕಡಿತ ತಗ್ಗಿತು. ಆಮೇಲೆ ರಕ್ತ ಕಮ್ಮಿಯಾಗುತ್ತಾ ಬಂದು ನಿಂತಿತು. ಒಂದು ಬೆಳಿಗ್ಗೆ ಚಲುವಯ್ಯ ತಾನಾಗಿಯೇ ಎದ್ದು ಗೋಡೆಗೊರಗಿ ಕೂತು, "ಹಸಿವಾಯ್ತದೆ," ಎಂದ. ತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಊದಿದಳು.

ಪರ್ವತ ಬಂದಾಗ ಚಲುವಯ್ಯ ಅವನ ಎರಡೂ ಕೈ ಹಿಡಿದುಕೊಂಡ.

"ಚಿಕ್ಕಯ್ನೋರೆ, ಬದುಕ್ಸಿದೋರು ನೀವು. ನಿಮ್ ಗುರುಗಳು ಕೊಂದೇ ಹಾಕ್ತಿದ್ರು. ಮ್ಯಾಗಲಬೀದೀಲೂ ಭೇದಿ ಸುರುವಾಗದಂತೆ. ಅವರ್ ಗುಳ್ಗೆ ಮುಟ್ಬ್ಯಾಡಿ ಅಂತ ಎಲ್ರಿಗೂ ಹೇಳ್ ಕಳ್ಸಿವ್ನಿ."

ಪರ್ವತ ಕೈ ಬಿಡಿಸಿಕೊಂಡ. ಹೊಗಳಿಕೆ ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಕಿತು.

"ಗಂಜಿ ಆಯ್ತಾ ಅದೆ, ಕೂತ್ಕಳಿ," ಎಂದು ತಾಯಮ್ಮ ಒಳಗಿನಿಂದ ಕೂಗಿದಳು. "ನಿಮ್ಗೂ ಒಂದು ಬಟ್ಲು ಬಗ್ಗುಸ್ತೀನಿ."

ಅವನು ಕೂರಲಿಲ್ಲ. ಗುರುಗಳು ಅಂಗಳದಲ್ಲಿ ಬಸ್ತಿಯ ಚೀಲವನ್ನು ತೊಳೆಯುತ್ತಿದ್ದರು. ಓಡಿಹೋಗಿ ಅವರ ಮುಂದೆ ನಿಂತ.

"ಗುರುಗಳೇ, ಗುಳಿಗೆ ವಿಷವಾದದ್ದು ನಾನು ಜಜ್ಜಿದ್ದಕ್ಕೆ ಅಂತ ಅವನಿಗೆ ಗೊತ್ತಿಲ್ಲ."

"ಹೂಂ."

"ನೀವ್ಯಾಕೆ ಹೇಳಲಿಲ್ಲ?"

"ಜಜ್ಜಿದ್ದು ನಾನಲ್ವಲ್ಲ."

"ಹೇಳಿದ್ರೆ ಅವನು ನನ್ನನ್ನೂ ನಂಬೋದಿಲ್ಲ. ಬಸ್ತಿ ಇನ್ನೂ ಉಳಿದಿದೆ. ಮೈಯಲ್ಲಿ ಶಕ್ತಿಯಿಲ್ಲ, ಎದೆ ಒಡೆದುಕೊಂಡಾನು."

"ಹೇಳದಿದ್ರೆ?"

"ಮೇಲಿನ ಬೀದಿಯವರು ಗುಳಿಗೆ ಮುಟ್ಟೋದಿಲ್ಲ. ಅಲ್ಲಿ ಯಾರಾದ್ರೂ ಸಾಯ್ತಾರೆ."

ಗುರುಗಳು ಚೀಲವನ್ನು ಕೊಡವಿ ಬಿಸಿಲಿಗೆ ಹಾಕಿದರು.

"ಹೇಳ್ತೀನಿ, ಗುರುಗಳೇ. ಹೇಳಲೇಬೇಕು. ಆದ್ರೆ ಹೇಗೆ ಹೇಳಲಿ?"

ಒಳಗೆ ತಾಯಮ್ಮ ಎರಡು ಬಟ್ಟಲಿಗೆ ಗಂಜಿ ಬಗ್ಗಿಸುತ್ತಿದ್ದಳು. ಗುರುಗಳು ಅತ್ತ ನೋಡಿದರು.

"ಅವನು ಗಂಜಿ ಕುಡಿದ ಮೇಲೆ ಹೇಳು. ನೀನು ಬರಿಹೊಟ್ಟೆಯಲ್ಲಿ ಹೇಳು."