ಹುಲಿಗೆವ್ವ ಕಿಟಕಿ ಬರೆದ ವಿಮಾನ

ನಾನು ಹಗುರ ಕಟ್ಟಿಗೆಯಲ್ಲಿ ಆಟಿಕೆ ವಿಮಾನ ಕೆತ್ತುತ್ತೇನೆ, ಸಣ್ಣ ಊರುಗಳಿಗೆ ಹಾರುವ ಎರಡು ಪಂಖದ ವಿಮಾನದಂಥವು. ಹೆಂಡತಿ ಹುಲಿಗೆವ್ವ ಅವಕ್ಕೆ ಬಣ್ಣದಲ್ಲಿ ಕಿಟಕಿ ಬರೆಯುತ್ತಿದ್ದಳು. ಕಡೆಯ ವಿಮಾನಕ್ಕೆ ಒಂದೇ ಬದಿ ಬರೆದಳು. ಕುಂಚ ಕೈಯಲ್ಲಿದ್ದಂತೆಯೇ ತೀರಿಹೋದಳು. ನಾನು ಕಲ್ಲಿನ ಹಾಗೆ ಕೂತೆ. ಅಳು ಬರಲೇ ಇಲ್ಲ.

ತಿಂಗಳಾದ ಮೇಲೆ ವಿಮಾನ ಕಂಪನಿಯ ಮ್ಯಾನೇಜರ್ ಸಾಹೇಬರು ಬಂದರು. ಆ ಕಡೆಯ ವಿಮಾನವನ್ನೇ ಎತ್ತಿಕೊಂಡರು.

“ನಾಳೆ ನಮ್ಮ ವಿಮಾನದ ಮೊದಲ ಹಾರಾಟ. ಮಂತ್ರಿಗಳು ಬರ್ತಾರೆ. ಇದನ್ನ ವಿಮಾನದ ಬಾಗಿಲಲ್ಲೇ ಇಡ್ತೀನಿ.”

“ಅದು ಬ್ಯಾಡ್ರಿ. ನನ್ನ ಹೆಂಡ್ತಿ ಕೈಯಾಗಿನ ಕಡೀದು. ಬ್ಯಾರೆ ಒಯ್ರಿ.”

“ನನಗೆ ಬೇಡ ಅನ್ನೋರು ಈ ಜಿಲ್ಲೆಯಲ್ಲೇ ಇಲ್ಲ!”

“ಆತು, ಒಯ್ರಿ. ಆದ್ರ ನಮ್ಮದೊಂದು ಪದ್ಧತಿ ಐತಿ. ಸತ್ತವರ ಕಡೀ ಸಾಮಾನು ಎಲ್ಲಿ ಇಡ್ತಾರೋ ಅಲ್ಲಿ ನಿಂತು ಹಾಡ್ಯಾಡಿ ಅಳಬೇಕು. ನಾಳೆ ವಿಮಾನದ ಬಾಗಿಲಿಗೆ ಬರ್ತೀನಿ.”

“ಮಂತ್ರಿಗಳ ಮುಂದೆ?”

“ನನ್ನೊಬ್ಬನ ಅಳು ಸಾಲಂಗಿಲ್ರಿ. ಓಣಿ ಹೆಣ್ಮಕ್ಕಳೂ ಬರ್ತಾರ. ಎದಿ ಬಡಕೊಂಡು, ವಿಮಾನ ಹತ್ತಾವ್ರನ್ನ ನೋಡಿ ‘ನೀವೂ ಹೊಂಟ್ರೇನೋ’ ಅಂತ ಅಳ್ತಾರ.”

ಸಾಹೇಬರ ಮುಖ ಸುಣ್ಣವಾಯಿತು. ವಿಮಾನವನ್ನು ಎಳೆಗೂಸಿನಂತೆ ಮೆಲ್ಲಗೆ ಕೆಳಗಿಟ್ಟರು. ಬೇರೊಂದನ್ನು ಎತ್ತಿಕೊಂಡು ಜೀಪು ಹತ್ತಿದರು.

ಪಕ್ಕದ ಮನೆಯ ಪಾರವ್ವ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಅಣ್ಣಾ, ಈ ಪದ್ಧತಿ ಯಾವಾಗಿಂದೋ?”

“ಈಗಿಂದವ್ವಾ.”

“ಹಂಗಾದ್ರ ಸಾಮಾನು ನಿನ್ನ ಮನ್ಯಾಗ ಉಳೀತು. ಅಳಾವ್ರು ಯಾರು?”

ನಾನು ಹುಲಿಗೆವ್ವನ ಕಿಟಕಿಗಳನ್ನು ನೋಡಿದೆ. ಪದ್ಧತಿ ಅಂದ ಮೇಲೆ ನಡೆಸಬೇಕಲ್ಲ. ಅವತ್ತು ಮೊದಲ ಸಲ ಅತ್ತುಬಿಟ್ಟೆ.