ಖೇಮಗಢದ ಏಣಿ

ಮಲಪ್ರಭೆಯ ದಂಡೆಯಲ್ಲಿ ಮರುಳಯ್ಯ ಎಂಬ ಗುರುಗಳ ಮಠವಿತ್ತು. ಮಣ್ಣಿನ ಗೋಡೆ, ಹುಲ್ಲಿನ ಸೂರು. ಹೊಳೆ ಉಕ್ಕಿದ ವರ್ಷ ಮಠ ಕರಗಿ ಹೋಗುತ್ತಿತ್ತು. ನೀರು ಇಳಿದ ಮೇಲೆ ಶಿಷ್ಯರು ಮತ್ತೆ ಕಟ್ಟುತ್ತಿದ್ದರು.

ಅಡಿವೆಪ್ಪ ಎಂಬ ಶಿಷ್ಯನಿಗೆ ಇದು ಸಾಕಾಗಿತ್ತು.

"ಅಜ್ಜಾರೇ, ಬೀಳದಂಥದ್ದನ್ನು ಒಮ್ಮೆಯಾದರೂ ನೋಡಬೇಕು."

"ಹಾಗಾದರೆ ಹೊಳೆಯೇ ಇಲ್ಲದ ಸೀಮೆಗೆ ಹೋಗೋಣ, ನಡಿ," ಎಂದರು ಗುರುಗಳು.

ಇಬ್ಬರೂ ಉತ್ತರಕ್ಕೆ ನಡೆದರು. ಗುರುಗಳು ಪ್ರಾಯದಲ್ಲಿ ಆ ಕಡೆ ತಿರುಗಿದವರು. ಅಲ್ಲಿಯ ಮಾತು ಬಲ್ಲವರು. ಒಂಟೆಯವರ ಜೊತೆ ನಡೆಯುತ್ತ ಅಡಿವೆಪ್ಪನೂ ಅದನ್ನು ಕಲಿತ.

ಮರಳುಗಾಡಿನ ನಗರಗಳನ್ನು ಅವರು ಒಂದೊಂದಾಗಿ ನೋಡಿದರು. ಒಂದು ಅರಮನೆಯ ಚಾವಣಿಯ ತುಂಬ ಕನ್ನಡಿಯ ಚೂರುಗಳು. ಒಂದೇ ಹಣತೆ ಹಚ್ಚಿದರೂ ನಕ್ಷತ್ರಗಳು ಒಳಗಿಳಿದಂತೆ. ಇನ್ನೊಂದು ಅರಮನೆಯ ಕಿಟಕಿಗಳು ಕಲ್ಲಿನಲ್ಲಿ ಕೊರೆದ ಜಾಲರಿಗಳು. ಅವುಗಳ ಹಿಂದೆ ನಿಂತ ರಾಣಿಯರು ಬೀದಿಯನ್ನು ನೋಡಬಹುದಿತ್ತು, ಬೀದಿ ಅವರನ್ನು ನೋಡುವಂತಿರಲಿಲ್ಲ. ಮತ್ತೊಂದು ಕೋಟೆಯನ್ನು ಮರಳು ಅರ್ಧ ನುಂಗಿತ್ತು. ಉಪ್ಪರಿಗೆಯ ಕಿಟಕಿಯೇ ಈಗ ಬಾಗಿಲಾಗಿತ್ತು.

ಹೋದಲ್ಲೆಲ್ಲ ಅಡಿವೆಪ್ಪ ಕತ್ತೆತ್ತಿ ನೋಡಿದ. ಗುರುಗಳು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತಳದ ಕಲ್ಲನ್ನು ಮುಟ್ಟಿದರು.

"ಇಷ್ಟು ದೂರ ನಡೆದು ಬಂದು ಬುಡ ನೋಡುತ್ತೀರಲ್ಲ, ಅಜ್ಜಾರೇ! ಸ್ವಲ್ಪ ಮೇಲೆ ನೋಡಿ."

"ಮೇಲಿನದನ್ನು ಎಲ್ಲರೂ ನೋಡಲಿ ಎಂದೇ ಕಟ್ಟಿದ್ದಾರೆ. ಅದಕ್ಕೆ ನಾನು ಬೇಕಾಗಿಲ್ಲ."

ಹೀಗೆ ಅವರು ಖೇಮಗಢಕ್ಕೆ ಬಂದರು.

ಆ ಕೋಟೆ ಒಂದು ಒಂಟಿ ಗುಡ್ಡದ ಮೇಲಿತ್ತು. ಅದರ ಹೆಬ್ಬಾಗಿಲ ಪಕ್ಕದಲ್ಲಿ, ಗೋಡೆಯಲ್ಲಿ, ಕುಂಕುಮ ಬಳಿದ ಒಂದು ಕಲ್ಲಿತ್ತು. ಅದರ ಮೇಲೆ ಬರಹ: 'ಪೇಮೋ ತಾನಾಗಿ ಒಪ್ಪಿ ಇಲ್ಲಿ ಇಳಿದ. ಕೋಟೆ ನಿಂತಿತು.'

ಕಲ್ಲಿನ ಬಳಿ ಒಬ್ಬ ಮುದುಕಿ ನಗಾರಿ ಇಟ್ಟುಕೊಂಡು ಕೂತಿದ್ದಳು. ಅವಳ ಹೆಸರು ಧಾಪು. ಬಂದ ಪ್ರಯಾಣಿಕರೆಲ್ಲ ಕಲ್ಲಿಗೆ ಬಾಗಿ ಒಳಗೆ ಹೋಗಬೇಕು. ಅವರು ಬಾಗುವವರೆಗೆ ಅವಳು ಬಡಿಯಬೇಕು. ಅದು ಅಲ್ಲಿಯ ರೂಢಿ.

"ಪೇಮೋ ಯಾರು, ತಾಯಿ?" ಎಂದು ಅಡಿವೆಪ್ಪ ಕೇಳಿದ.

"ನಮ್ಮ ಮನೆಯ ಹಿರಿಯ. ಚರ್ಮ ಹದ ಮಾಡುವವನು. ಕೋಟೆಯ ಗೋಡೆ ಕಟ್ಟಿದಷ್ಟು ಸಲ ಬಿತ್ತಂತೆ. ಜೀವವಿರುವ ಮನುಷ್ಯ ಅಡಿಯಲ್ಲಿ ನಿಂತರೆ ನಿಲ್ಲುತ್ತದೆ ಎಂದರಂತೆ. ಇವನು ನಿಂತನಂತೆ. ಮೇಲೆ ಕಲ್ಲು ಇಟ್ಟರಂತೆ." ಅವಳು ಬಡಿಯುತ್ತಲೇ ಹೇಳಿದಳು. "ಅವತ್ತು ನಗಾರಿ ಬಾರಿಸಿದ್ದು ಅವನ ತಮ್ಮ. ಅಂದಿನಿಂದ ಈ ಗೌರವ ನಮ್ಮ ಮನೆಯದು. ಗಂಡ ಹೋದ, ಕೋಲು ನನ್ನ ಕೈಗೆ ಬಂತು."

ಅಡಿವೆಪ್ಪನ ಕಣ್ಣು ತುಂಬಿತು. ಅವನು ಹಣೆ ನೆಲ ಮುಟ್ಟುವಂತೆ ಬಾಗಿದ.

ಗುರುಗಳು ಬಾಗಲಿಲ್ಲ. ಧಾಪುವಿನ ಪಕ್ಕದಲ್ಲಿ ಕೂತರು.

"ಬಾಗು ಬಾಬಾ. ನೀನು ಬಾಗದೆ ನಾನು ನಿಲ್ಲಿಸುವಂತಿಲ್ಲ. ನನ್ನ ರಟ್ಟೆ ಬಿದ್ದುಹೋಗುತ್ತಿದೆ."

"ಕೋಟೆಯ ಒಳಗೆ ಚೆನ್ನಾಗಿದೆಯೇ, ತಾಯಿ?"

ಧಾಪು ನಕ್ಕಳು. "ನನ್ನನ್ನು ಕೇಳುತ್ತೀಯಲ್ಲ! ನಮಗೆ ಗೌರವ ಕೊಟ್ಟಿರುವುದು ಬಾಗಿಲವರೆಗೆ ಮಾತ್ರ."

ಗುರುಗಳು ಎದ್ದು ಒಳಗೆ ನಡೆದರು. ಅವರ ಬೆನ್ನ ಹಿಂದೆ ನಗಾರಿ ಬಹಳ ಹೊತ್ತು ಕೇಳಿಸಿತು.

"ನೀವೇಕೆ ಬಾಗಲಿಲ್ಲ?" ಅಡಿವೆಪ್ಪನ ದನಿಯಲ್ಲಿ ಸಿಟ್ಟಿತ್ತು.

"ಅಲ್ಲಿ ಇರಬೇಕಾದ ಒಂದು ವಸ್ತು ನನಗೆ ಕಾಣಲಿಲ್ಲ. ಕಂಡರೆ ಬಾಗುತ್ತೇನೆ."

"ಏನು ಅದು?"

"ನಿನಗೆ ಮೊದಲು ಕಂಡರೆ ನನಗೂ ಹೇಳು."

ಸಂಜೆ ಕೋಟೆಯ ಒಡೆಯ ಠಾಕೂರ ಅತಿಥಿಗಳನ್ನು ದರ್ಬಾರಿಗೆ ಕರೆಸಿದ. ಅಫೀಮು ಕದಡಿದ ನೀರನ್ನು ತನ್ನ ಅಂಗೈಯಲ್ಲಿ ಹಿಡಿದು ನೀಡಿದ. ಆತಿಥೇಯನ ಅಂಗೈಯಿಂದ ಅದನ್ನು ಕುಡಿದವನು ಆ ಮೇಲೆ ಮಾತು ತಪ್ಪುವಂತಿಲ್ಲ. ಆ ಸೀಮೆಯ ಕಟ್ಟಳೆ ಅದು.

"ನನ್ನ ಹೊಟ್ಟೆ ಕೆಟ್ಟಿದೆ," ಎಂದರು ಗುರುಗಳು.

ಅಡಿವೆಪ್ಪ ಕುಡಿದ.

"ದಕ್ಷಿಣದ ಸಾಧುಗಳು ದಿನ ಬೆಳಗಾದರೆ ಏನು ಜಪಿಸುತ್ತೀರಿ?" ಠಾಕೂರ ವಿನೋದಕ್ಕೆ ಕೇಳಿದ.

"ಈ ದೇಹ ನನ್ನದಲ್ಲ ಎಂದು ಹೇಳಿಕೊಳ್ಳುತ್ತೇವೆ," ಎಂದ ಅಡಿವೆಪ್ಪ.

"ನಿನ್ನದಲ್ಲದಿದ್ದರೆ ಯಾರದು?"

ಅಡಿವೆಪ್ಪನಿಗೆ ದರ್ಬಾರು ತನ್ನನ್ನೇ ನೋಡುತ್ತಿದೆ ಎನ್ನಿಸಿತು. ಇಲ್ಲಿಯ ಚಾವಣಿಯಲ್ಲೂ ಕನ್ನಡಿಗಳು ಹೊಳೆಯುತ್ತಿದ್ದವು.

"ಕೇಳಿದವರದು," ಎಂದ.

ಠಾಕೂರನ ಮುಖದಿಂದ ವಿನೋದ ಹೋಯಿತು.

"ನಾನು ಕೇಳುತ್ತಿದ್ದೇನೆ," ಎಂದ. "ಪಡುವಣ ಕೊತ್ತಲ ಕಟ್ಟಿದಾಗಲೆಲ್ಲ ಕುಸಿಯುತ್ತಿದೆ. ಅದು ಒಪ್ಪಿದ ಮನುಷ್ಯನೊಬ್ಬನನ್ನು ಬೇಡುತ್ತಿದೆ. ಪೇಮೋನ ಪಕ್ಕದಲ್ಲಿ ನಿನ್ನ ಹೆಸರು ಕೆತ್ತಿಸುತ್ತೇನೆ. ಲೋಕ ಇರುವವರೆಗೆ ಜನ ನಿನಗೆ ಬಾಗುತ್ತಾರೆ."



"ಆಗಲಿ," ಎಂದ ಅಡಿವೆಪ್ಪ.

ಆಳುಗಳು ಅಡಿವೆಪ್ಪನನ್ನು ಕರೆದೊಯ್ದು ಕೊತ್ತಲದ ಬುಡದಲ್ಲಿ ತೋಡಿದ್ದ ಹಳ್ಳವನ್ನು ತೋರಿಸಿ ತಂದರು. ಆಮೇಲೆ ಅರಮನೆಯ ಮೆಟ್ಟಿಲ ಮೇಲೆ ಗುರು ಶಿಷ್ಯರಿಬ್ಬರೂ ಕೂತರು. ಕೆಳಗೆ ಊರಿನ ಮಾಳಿಗೆಗಳು ಮುಳುಗುವ ಬಿಸಿಲಲ್ಲಿ ಜೇನಿನ ಬಣ್ಣಕ್ಕೆ ತಿರುಗಿದ್ದವು.

"ನೀವು ಕಲಿಸಿದ್ದನ್ನೇ ನಡೆಸಿದೆ," ಎಂದ ಅಡಿವೆಪ್ಪ. "ದೇಹ ನಿನ್ನದಲ್ಲ ಎಂದು ಹೇಳಿದವರು ನೀವೇ."

"ನಿನ್ನದಲ್ಲ ಎಂದೆ. ಠಾಕೂರನದು ಎಂದೆನೇ?"

ಅಡಿವೆಪ್ಪ ಮುಖ ತಿರುಗಿಸಿದ. "ಮಾತು ಕೊಟ್ಟಾಗಿದೆ. ಬೀಳದಂಥದ್ದನ್ನು ನೋಡಲು ಬಂದೆ. ಈಗ ಅದರೊಳಗೇ ಇರುತ್ತೇನೆ."

"ಹಳ್ಳವನ್ನು ಎಷ್ಟು ಆಳ ತೋಡಿದ್ದಾರೆ?"

"ಒಂದಾಳು ನಿಲ್ಲುವಷ್ಟು."

"ಬಂಡೆ ಸಿಕ್ಕಿತೇ?"

"ಇಲ್ಲ, ಬರೀ ಮರಳು. ಆಳು ನಿಲ್ಲುವಷ್ಟು ಆದರೆ ಸಾಕು ಎಂದರು."

"ಹ್ಞೂಂ," ಎಂದರು ಗುರುಗಳು. "ಅಗೆಯುವ ಶ್ರಮಕ್ಕಿಂತ ಆಳು ಅಗ್ಗ."

ಅಡಿವೆಪ್ಪ ಮೆಲ್ಲಗೆ ಕೇಳಿದ: "ನೀವು ಬೇಡ ಎನ್ನುವುದಿಲ್ಲವೇ?"

"ನಾನು ಬೇಡ ಎಂದರೆ ನೀನು ನನ್ನ ಮಾತಿಗಾಗಿ ಉಳಿಯುತ್ತೀಯೆ. ಅದೂ ಒಂದು ಹಳ್ಳವೇ."

ಬೆಳಗಾಯಿತು. ಪಡುವಣ ಕೊತ್ತಲದ ಬುಡದಲ್ಲಿ ಊರಿಗೆ ಊರೇ ಸೇರಿತು. ಅಡಿವೆಪ್ಪನಿಗೆ ಹೊಸ ಬಟ್ಟೆ ಉಡಿಸಿ ಹಾರ ಹಾಕಿದ್ದರು. ಹಳ್ಳದ ಸುತ್ತ ಕಲ್ಲುಗಳನ್ನು ಒಟ್ಟಿದ್ದರು. ಧಾಪುವನ್ನೂ ಕರೆಸಿದ್ದರು, ಕೊತ್ತಲ ಕೋಟೆಯ ಹೊರಮೈಯಲ್ಲಿದ್ದುದರಿಂದ ಅವಳು ಬರಬಹುದಿತ್ತು.

ಗುರುಗಳು ಹಿರಿಯ ಕಲ್ಲುಕುಟಿಗನ ಬಳಿ ಹೋದರು.

"ಒಪ್ಪದವನನ್ನು ಇಳಿಸಿದರೆ ಏನಾಗುತ್ತದೆ?"

"ಗೋಡೆ ನಿಲ್ಲುವುದಿಲ್ಲ ಬಾಬಾ. ಒಪ್ಪದವನ ಮೇಲೆ ನಾವು ಕಲ್ಲು ಇಡುವಂತಿಲ್ಲ. ನಮ್ಮ ಕುಲದ ಕಟ್ಟಳೆ."

ಅವನು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಠಾಕೂರನೂ ತಲೆಯಾಡಿಸಿದ.

"ಹಾಗಾದರೆ ನನ್ನವು ಎರಡು ಬೇಡಿಕೆ," ಎಂದರು ಗುರುಗಳು. "ಅವನು ಇಳಿಯುವ ಏಣಿಯನ್ನು ತೆಗೆಯಬೇಡಿ. ಕಲ್ಲು ಏರಿದಂತೆ ಅದೂ ಅಲ್ಲಿಯೇ ಇರಲಿ."

ಠಾಕೂರ ಹುಬ್ಬು ಗಂಟಿಕ್ಕಿದ. "ಒಪ್ಪಿದವನಿಗೆ ಏಣಿ ಏಕೆ?"

"ಒಪ್ಪಿದವನಿಗೆ ಏಣಿ ಇದ್ದರೇನು?"

ಜನ ಠಾಕೂರನ ಮುಖ ನೋಡಿದರು. ಠಾಕೂರ ಕಲ್ಲುಕುಟಿಗನ ಮುಖ ನೋಡಿದ. ಅವನು ಕರಣೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕಾಯುತ್ತಿದ್ದ.

"ಇರಲಿ. ಇನ್ನೊಂದು?"

"ನಗಾರಿ ಬೇಡ."

"ನಗಾರಿ ಸಾಯುವವನಿಗೆ ನಾವು ಕೊಡುವ ಗೌರವ!"

"ಈ ಸಲ ಗೌರವವನ್ನು ಸದ್ದಿಲ್ಲದೆ ಕೊಡಿ."

ಠಾಕೂರ ಬಾಯಿ ತೆರೆಯುವ ಮೊದಲೇ ಮರಳಿನ ಮೇಲೆ ಏನೋ ಬಿದ್ದಿತು. ಧಾಪುವಿನ ಕೋಲುಗಳು.

"ಎತ್ತಿಕೋ," ಎಂದ ಠಾಕೂರ.

"ರಟ್ಟೆ ಬಿದ್ದುಹೋಗಿದೆ ಹುಜೂರ್," ಎಂದಳು ಧಾಪು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಅಡಿವೆಪ್ಪ ಇಳಿದ. ಬಾಯಲ್ಲಿ 'ದೇಹ ನನ್ನದಲ್ಲ' ಎಂಬ ಜಪ. ಮೊದಲ ಸಾಲಿನ ಕಲ್ಲುಗಳು ಅವನ ಕಾಲಿನ ಸುತ್ತ ಬಂದವು. ಎರಡನೆಯ ಸಾಲು ಮೊಣಕಾಲಿಗೆ ಬಂತು. ನಗಾರಿ ಇರಲಿಲ್ಲ. ಆದ್ದರಿಂದ ಮೇಲಿನ ಮಾತುಗಳು ಒಂದೊಂದೂ ಕೆಳಗೆ ಕೇಳಿಸಿದವು.

"ಬಿಸಿಲು ಏರುತ್ತಿದೆ. ಬೇಗ ಬೇಗ ಇಡಲಿಕ್ಕೆ ಹೇಳಿ."

"ಊಟಕ್ಕೆ ಏನು ಮಾಡಿಸಿದ್ದಾರಂತೆ?"

"ಮಾಂಸ ಇದೆಯಂತೆ. ತಣ್ಣಗಾದರೆ ತಿನ್ನಲಿಕ್ಕಾಗುವುದಿಲ್ಲ."

"ದೂರದವನು ಸಿಕ್ಕಿದ್ದು ಒಳ್ಳೆಯದಾಯಿತು. ಅಳುವವರ ಕಾಟವಿಲ್ಲ."

"ಹೆಸರೇನಂತೆ ಅವನದು?"

"ಯಾರಿಗೆ ಗೊತ್ತು. ಕೆತ್ತುವವನು ಏನಾದರೊಂದು ಹಾಕುತ್ತಾನೆ."

ಯಾರೋ ನಕ್ಕರು.

ಅಡಿವೆಪ್ಪನ ಜಪ ನಿಂತಿತು. ಅವನು ತಲೆಯೆತ್ತಿದ. ಹಳ್ಳದ ಅಂಚಿನಲ್ಲಿ ಗುರುಗಳು ಕುಕ್ಕರಗಾಲಲ್ಲಿ ಕೂತಿದ್ದರು. ಅವರು ಕರೆಯಲಿಲ್ಲ. ಕೈ ನೀಡಲಿಲ್ಲ. ಬುಡವನ್ನು ನೋಡುವಂತೆ ಅವನನ್ನು ನೋಡುತ್ತಿದ್ದರು, ಅಷ್ಟೇ.

ಅಡಿವೆಪ್ಪ ಕಾಲಿನ ಸುತ್ತಲಿನ ಕಲ್ಲನ್ನು ತಳ್ಳಿದ. ಏಣಿ ಹಿಡಿದು ಮೇಲೆ ಬಂದ. ಕೊರಳಿನ ಹಾರ ತೆಗೆದು ಹಳ್ಳಕ್ಕೆ ಹಾಕಿದ.

"ಒಪ್ಪಿದ್ದೆ," ಎಂದ. "ಈಗ ಒಪ್ಪುವುದಿಲ್ಲ."

ಠಾಕೂರನ ದವಡೆ ಬಿಗಿಯಿತು. "ನನ್ನ ಅಂಗೈಯಿಂದ ಕುಡಿದಿದ್ದೀಯೆ."

"ಕುಡಿದದ್ದು ಅಫೀಮು. ಅದು ಇಳಿದಿದೆ."

ಜನರ ನಡುವೆ ಒಂದು ಸಣ್ಣ ನಗು ಎದ್ದು ಅಡಗಿತು.

"ಇಳಿಸಿ ಅವನನ್ನು!" ಠಾಕೂರ ಆಳುಗಳ ಕಡೆ ತಿರುಗಿದ.

ಆಳುಗಳು ಒಂದು ಹೆಜ್ಜೆ ಇಟ್ಟರು. ಹಿರಿಯ ಕಲ್ಲುಕುಟಿಗ ಕರಣೆಯನ್ನು ಕಲ್ಲಿನ ಮೇಲೆ ಇಟ್ಟು, ಕೈಗೆ ಹತ್ತಿದ ಸುಣ್ಣವನ್ನು ಒರೆಸಿಕೊಂಡ. ಅವನ ಹಿಂದೆ ಉಳಿದ ಕುಟಿಗರೂ ಒಬ್ಬೊಬ್ಬರಾಗಿ ಕರಣೆ ಇಟ್ಟರು. ಅದನ್ನು ಕಂಡು ಆಳುಗಳು ನಿಂತರು.

"ಕೊತ್ತಲ ಬೀಳುತ್ತದೆ," ಎಂದ ಠಾಕೂರ.

"ಬೀಳಲಿ," ಎಂದ ಅಡಿವೆಪ್ಪ. "ನಮ್ಮ ಮಠವೂ ಬೀಳುತ್ತದೆ. ಬಿದ್ದಾಗ ಮತ್ತೆ ಕಟ್ಟುತ್ತೇವೆ. ಅದರ ಅಡಿಯಲ್ಲಿ ಯಾರೂ ಇರುವುದಿಲ್ಲ."

ಅವನು ಬಗ್ಗಿ ಏಣಿಯನ್ನು ಹಳ್ಳದಿಂದ ಎಳೆದ. ಹೆಗಲ ಮೇಲೆ ಹೊತ್ತು ಹೆಬ್ಬಾಗಿಲಿನ ಕಡೆ ನಡೆದ. ಗುರುಗಳು ಹಿಂದೆ ನಡೆದರು. ಧಾಪು ನಡೆದಳು. ಊರು ನಡೆಯಿತು. ಕೊನೆಗೆ ಠಾಕೂರನೂ ನಡೆಯಬೇಕಾಯಿತು.

ಕುಂಕುಮ ಬಳಿದ ಕಲ್ಲಿನ ಮುಂದೆ ಅಡಿವೆಪ್ಪ ನಿಂತ. ಬರಹವನ್ನು ಮತ್ತೊಮ್ಮೆ ಓದಿದ. ಏಣಿಯನ್ನು ಆ ಕಲ್ಲಿಗೆ ಒರಗಿಸಿದ.

"ಅಜ್ಜಾರೇ," ಎಂದ, "ಇಲ್ಲಿ ಕಾಣದ ವಸ್ತು ನನಗೆ ಕಂಡಿತು."

"ಹೇಡಿ!" ಠಾಕೂರ ಹಿಂದಿನಿಂದ ಕೂಗಿದ. "ಈ ಕಲ್ಲಿನ ಮುಂದೆ ನಿಲ್ಲಲು ನಿನಗೆ ಯೋಗ್ಯತೆ ಇಲ್ಲ. ಪೇಮೋ ಹೀಗೆ ಎದ್ದು ಬರಲಿಲ್ಲ. ಕೊನೆಯ ಕಲ್ಲು ಇಡುವವರೆಗೂ ಬರಲಿಲ್ಲ! ನಿನ್ನ ಗುರುವಾದರೂ ಅವನಿಗೆ ಬಾಗಿ ಹೋಗಲಿ."

ಗುರುಗಳು ಏಣಿಯ ಕೆಳಗಿನ ಮೆಟ್ಟಿಲಿಗೆ ಅಂಟಿದ್ದ ಮರಳನ್ನು ಕೈಯಿಂದ ಒರೆಸಿದರು.

"ಇದು ನನ್ನ ಶಿಷ್ಯನ ಏಣಿ," ಎಂದರು. "ಪೇಮೋನದು ತೋರಿಸು, ಬಾಗುತ್ತೇನೆ."