ಬೆಟ್ಟ ಹತ್ತಿ ತಂದ ದೃಶ್ಯ

"ಗುರುಗಳೇ, ಇಷ್ಟೊಂದು ಕಷ್ಟಪಟ್ಟರೂ ನನಗೇಕೆ ಫಲ ಸಿಕ್ಕಿಲ್ಲ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಒಪ್ಪತ್ತು ಊಟ, ಕೊರೆಯುವ ಚಳಿಯಲ್ಲಿ ತಣ್ಣೀರ ಸ್ನಾನ, ಬರಿ ನೆಲದ ಮೇಲೆ ನಿದ್ದೆ, ಸಾಧನೆಗೆ ಹೊತ್ತು ಸಾಲದೆಂದು ಮಠದ ಅಡುಗೆ ಬಿಟ್ಟದ್ದು, ಎಲ್ಲವನ್ನೂ ಅವನು ಬಿಡಿಸಿ ಬಿಡಿಸಿ ಹೇಳಿದ. ಈ ಮಾತನ್ನು ಗುರುಗಳು ಆ ವಾರದಲ್ಲೇ ಎಷ್ಟನೆಯ ಸಲವೋ ಕೇಳುತ್ತಿದ್ದರು. ಕೇಳಿ ಕೇಳಿ ಅವರಿಗೆ ಸಾಕಾಗಿಹೋಗಿತ್ತು.

"ಕೂತುಕೋ," ಎಂದರು. "ನಾನು ಸಿನಿಮಾ ನೋಡಿದವನಲ್ಲ. ಆದರೆ ಸಿನಿಮಾದವರನ್ನು ನೋಡಿದ್ದೇನೆ. ಅವರದೊಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಂದು ಸಣ್ಣ ಸಿನಿಮಾ ಕಂಪನಿ ಇತ್ತು. ಸಣ್ಣದು ಎಂದರೆ ಎಷ್ಟು ಸಣ್ಣದು? ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಒಂದೇ ಕೋಣೆ. ಅದರೊಳಗೆ ಒಬ್ಬ ನಿರ್ದೇಶಕ, ಒಬ್ಬ ಕ್ಯಾಮೆರಾದವನು, ಒಬ್ಬಳು ಎಡಿಟರ್. ತೆಗೆದದ್ದನ್ನು ಕತ್ತರಿಸಿ ಜೋಡಿಸುವುದು ಎಡಿಟರ್ ಕೆಲಸ. ಆದರೆ ಜನರೇಟರ್ ಬಾಡಿಗೆಗೆ ತರುವವಳೂ ಅವಳೇ, ನಟರ ಬಟ್ಟೆಗೆ ಇಸ್ತ್ರಿ ಹಾಕುವವಳೂ ಅವಳೇ. ಸಣ್ಣ ಕಂಪನಿಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡುತ್ತಾರೆ. ದೊಡ್ಡ ಮಾತು ಮಾತ್ರ ನಿರ್ದೇಶಕನೊಬ್ಬನ ಪಾಲಿನದು.

ಅವರು ತೆಗೆದದ್ದು ಮಾತುಬಿಟ್ಟ ಅಪ್ಪ ಮಗಳ ಕತೆ. ಅಪ್ಪ ಬಸ್ಸಿನ ಡ್ರೈವರ್. ಊರವರೆಲ್ಲ ಹತ್ತುವ ಆ ಬಸ್ಸನ್ನು ಮಗಳು ಹತ್ತುವುದಿಲ್ಲ. ಕೊನೆಗೊಂದು ದಿನ ಹತ್ತುತ್ತಾಳೆ. ಅಷ್ಟೇ.

ಇದಕ್ಕಾಗಿ ಅವರು ಒಂದು ಬೆಟ್ಟ ಹತ್ತಿದರು. ಸೂರ್ಯ ಹುಟ್ಟುವ ಹೊತ್ತಿಗೆ ಕೆಳಗಿನ ತಿರುವುಗಳಲ್ಲಿ ಬಸ್ಸು ಇರುವೆಯಷ್ಟಾಗಿ ಕಾಣಬೇಕು ಎಂದು ನಿರ್ದೇಶಕನ ಆಸೆ. ಕತ್ತಲಲ್ಲೇ ಸಾಮಾನು ಹೊತ್ತು ಹತ್ತಿದರು. ಮೊದಲ ದಿನ ಮೋಡ. ಮರುದಿನ ಮಂಜು. ಅದರ ಮಾರನೆಯ ದಿನ ಬಸ್ಸೇ ಕೆಟ್ಟು ನಿಂತಿತು. ಅಂತೂ ಒಂದು ಬೆಳಗ್ಗೆ ಎಲ್ಲ ಕೂಡಿಬಂದು ಆ ಶಾಟ್ ಸಿಕ್ಕಿತು. ಇಳಿಯುವಾಗ ಕ್ಯಾಮೆರಾದವನು ಜಾರಿ ಬಿದ್ದು ಕಾಲು ಮುರಿದುಕೊಂಡ. ಕ್ಯಾಮೆರಾವನ್ನು ಎದೆಗವಚಿಕೊಂಡೇ ಬಿದ್ದನಂತೆ, ಪುಣ್ಯಾತ್ಮ.

"ಆಹಾ, ಇದು ಸಾಧನೆ!" ಎಂದ ಮರುಳಯ್ಯ.

"ಬಾಯಿ ಹಾಕಬೇಡ ಎಂದೆನಲ್ಲ!"

ಇನ್ನೊಂದು ದೃಶ್ಯವಿತ್ತು. ಅಪ್ಪ ದಣಿದು ಬಂದು ಶೂ ಹಾಕಿಕೊಂಡೇ ನಿದ್ದೆ ಹೋಗಿದ್ದಾನೆ. ಮಗಳು ಬರುತ್ತಾಳೆ. ಸ್ವಲ್ಪ ಹೊತ್ತು ನೋಡುತ್ತಾಳೆ. ಅವನಿಗೆ ಎಚ್ಚರವಾಗದ ಹಾಗೆ ಶೂ ಬಿಚ್ಚಿಡುತ್ತಾಳೆ. ಅದನ್ನು ತೆಗೆದದ್ದು ಕಂಪನಿಯ ಕೋಣೆಯಲ್ಲೇ. ದೀಪದ ಬಲ್ಬು ಸುಟ್ಟುಹೋಗಿ ಹೊಸದನ್ನು ತರಲು ಯಾರೋ ಅಂಗಡಿಗೆ ಹೋಗಿದ್ದರು. ಹೇಗೂ ಖಾಲಿ ಕೂತಿದ್ದೇವಲ್ಲ ಎಂದು ಕಿಟಕಿಯ ಬೆಳಕಿನಲ್ಲೇ ತೆಗೆದರು. ಒಂದೇ ಟೇಕ್. ಬಲ್ಬು ಬರುವ ಮೊದಲೇ ಮುಗಿದಿತ್ತು.

ಸಿನಿಮಾ ಮುಗಿಯುವ ಹೊತ್ತಿಗೆ ಕಂಪನಿಯ ಉಸಿರೂ ಮುಗಿಯುತ್ತ ಬಂದಿತ್ತು. ತೋರಿಸಲು ಯಾವ ಥಿಯೇಟರಿನವರೂ ಒಪ್ಪಲಿಲ್ಲ. ಕಡೆಗೆ ಒಬ್ಬ ಯಜಮಾನ ದೊಡ್ಡ ಮನಸ್ಸು ಮಾಡಿದ. "ಬೆಳಗಿನ ಆಟ ಕೊಡುತ್ತೇನೆ. ಒಂದೂವರೆ ಗಂಟೆ ಮೀರಬಾರದು. ಮೊದಲು ನಾನು ನೋಡಬೇಕು," ಎಂದ. ಇದೂ ತಪ್ಪಿದರೆ ಕೋಣೆಗೆ ಬೀಗ ಹಾಕಿ ಮೂವರೂ ಮೂರು ದಾರಿ ಹಿಡಿಯಬೇಕು. ಎಡಿಟರ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಸಿನಿಮಾ ಒಂದೂವರೆ ಗಂಟೆಗಿಂತ ಒಂದಿಷ್ಟು ಉದ್ದವಿತ್ತು. ಅವಳು ಬೆಟ್ಟದ ಶಾಟನ್ನು ಕತ್ತರಿಸಿ ತೆಗೆದಳು. ಅಳತೆ ಸರಿಹೋಯಿತು. ಬೆಳಗ್ಗೆ ಬಂದು ನೋಡಿದರೆ ಬೆಟ್ಟ ಮತ್ತೆ ಸ್ವಸ್ಥಾನದಲ್ಲಿ ಕೂತಿದೆ, ಶೂ ಬಿಚ್ಚುವ ದೃಶ್ಯ ಮಾಯ! ಅವಳು ಶೂ ಹಾಕಿ ಬೆಟ್ಟ ತೆಗೆದಳು. ನಿರ್ದೇಶಕ ಬೆಟ್ಟ ಹಾಕಿ ಶೂ ತೆಗೆದ. ಅತ್ತೆ ಇಟ್ಟ ಉಪ್ಪಿನ ಡಬ್ಬಿಯನ್ನು ಸೊಸೆ ಬೇರೆ ಕಡೆ ಇಟ್ಟ ಹಾಗೆ ವಾರವಿಡೀ ಇದೇ ನಡೆಯಿತು. ಅವಳಿಗೆ ರೋಸಿಹೋಯಿತು.

"ಶೂ ದೃಶ್ಯ ಇಲ್ಲದಿದ್ದರೆ ಹುಡುಗಿ ಬಸ್ಸು ಹತ್ತಿದ್ದು ಏಕೆ ಎಂದು ಯಾರಿಗೆ ತಿಳಿಯುತ್ತದೆ, ಮಾರಾಯ?" ಎಂದಳು.

"ಅದು ಬಲ್ಬು ಬರುವವರೆಗೆ ಹೊತ್ತು ಕಳೆಯಲು ತೆಗೆದದ್ದು. ಅದಕ್ಕೋಸ್ಕರ ಬೆಟ್ಟ ಬಿಡಲೇ? ಎಷ್ಟು ಕಷ್ಟಪಟ್ಟಿದ್ದೇವೆ!"

"ಕಷ್ಟಪಟ್ಟವರು ನಾವು. ನೋಡುವವನು ಕುರ್ಚಿಯಲ್ಲಿ ಕೂತಿರುತ್ತಾನೆ."

"ಇವನ ಕಾಲು ಮುರಿದಿದೆ! ಅದಕ್ಕಾದರೂ ಮರ್ಯಾದೆ ಬೇಡವೇ?"

ಕ್ಯಾಮೆರಾದವನು ಮೂಲೆಯಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೂತಿದ್ದ. ಮುಖ ಆಚೆ ತಿರುಗಿಸಿದ. ಆ ಕಾಲಿನ ಎದುರು ಅವಳು ಏನು ಹೇಳಿಯಾಳು? ಹಣೆ ಹಣೆ ಚಚ್ಚಿಕೊಂಡಳು. ಗಂಟಲಿಗೆ ಬಂದ ಬೈಗುಳ ನುಂಗಿಕೊಂಡು ಬೆಟ್ಟವನ್ನು ಉಳಿಸಿದಳು. ನನ್ನನ್ನು ಕೇಳಿದರೆ, ನುಂಗಬಾರದಿತ್ತು.

ಯಜಮಾನ ನೋಡಲು ಬಂದ. ಅವಳು ಹಿಂದಿನ ಸಾಲಿನಲ್ಲಿ ಕೂತು ಪರದೆ ಬಿಟ್ಟು ಅವನನ್ನೇ ನೋಡಿದಳು. ಅಪ್ಪ ಮಗಳ ಜಗಳ ಬಂದಾಗ ಅವನು ಮುಂದೆ ಬಾಗಿ ಕೂತ. ಅವಳಿಗೆ ಆಸೆ ಹುಟ್ಟಿತು. ಆಮೇಲೆ ಬೆಟ್ಟ ಬಂತು. "ಚೆನ್ನಾಗಿದೆ," ಎಂದ. ಬೆಟ್ಟ ಮುಗಿಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. ಆಗಲೂ ಮುಗಿಯಲಿಲ್ಲ. ಎದ್ದು ಹೋಗಿ ಕಾಫಿ ಕುಡಿದು ಬಂದ. ಬಸ್ಸು ಇನ್ನೂ ತಿರುವಿನಲ್ಲೇ ಇತ್ತು. ಎದ್ದುಹೋಗಿ ಆ ಪರದೆಯನ್ನೇ ಹರಿದುಹಾಕಬೇಕು ಎನಿಸಿತು ಅವಳಿಗೆ.

ದೀಪ ಹತ್ತಿತು. "ಎಲ್ಲ ಸರಿ, ಆ ಹುಡುಗಿ ಕೊನೆಗೆ ಬಸ್ಸು ಹತ್ತಿದ್ದು ಯಾಕೆ?" ಎಂದ ಯಜಮಾನ.

"ಸಾರ್, ಆ ಬೆಟ್ಟದ ಶಾಟ್ ಇದೆಯಲ್ಲ, ಅದಕ್ಕೆ ನಾವು ಕತ್ತಲಲ್ಲಿ..." ಎಂದು ನಿರ್ದೇಶಕ ಶುರುಮಾಡಿದ.

"ನಾನು ಕೇಳಿದ್ದು ಹುಡುಗಿಯ ವಿಷಯ."

"ಇವನ ಕಾಲೇ ಮುರಿಯಿತು ಸಾರ್, ಆ ಶಾಟ್‌ಗೋಸ್ಕರ!"

ಯಜಮಾನ ಆ ಕಾಲನ್ನು ನೋಡಿದ. ಒಳ್ಳೆಯ ಮನುಷ್ಯ, ನಿಜವಾಗಿಯೂ ಮರುಗಿದ. "ಅಯ್ಯೋ ಪಾಪ. ಆದರೆ ಪ್ರತಿ ಆಟಕ್ಕೂ ಇವರನ್ನು ಪರದೆಯ ಪಕ್ಕ ನಿಲ್ಲಿಸಿ ಕಾಲು ತೋರಿಸುತ್ತೀರಾ?" ಎಂದ. ಬೆಳಗಿನ ಆಟವನ್ನು ಬೇರೆಯವರಿಗೆ ಕೊಟ್ಟ.

ಹೊರಗೆ ಬಂದಾಗ ನಿರ್ದೇಶಕ ಯಜಮಾನನಿಗೆ ರುಚಿಯೇ ಇಲ್ಲವೆಂದು ಬೈಯುತ್ತ ಮುಂದೆ ಹೋದ. ಕ್ಯಾಮೆರಾದವನು ಎಡಿಟರ್ ಭುಜ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ.

"ನನಗೂ ಆ ಶಾಟ್ ಬೇಡ ಅನಿಸಿತ್ತು," ಎಂದ.

"ಏನು? ಮೊದಲೇ ಬಾಯಿಬಿಟ್ಟು ಹೇಳುವುದಕ್ಕೇನಾಗಿತ್ತು ನಿನಗೆ?"

"ಹೇಳಿದ್ದರೆ ನನ್ನ ಕಾಲು ದಂಡಕ್ಕೆ ಮುರಿದ ಹಾಗಾಗುತ್ತಿತ್ತಲ್ಲ."

ಅವನನ್ನು ಬೈಯಲೂ ಆಗದೆ ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆ ತಿಂಗಳು ಗಿರಣಿಯವನು ಮಹಡಿಯ ಕೋಣೆಯಲ್ಲಿ ಜೋಳದ ಚೀಲ ಇಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಬಹಳ ಹೊತ್ತು ತಲೆದೂಗಿದ. ಆಮೇಲೆ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

"ಛೇ, ಅಷ್ಟು ಕಷ್ಟಪಟ್ಟು ಬೆಟ್ಟ ಹತ್ತಿದ್ದರಲ್ಲ ಗುರುಗಳೇ! ಅವರಿಗೂ ಫಲ ಸಿಗಲಿಲ್ಲ, ನೋಡಿ. ನನ್ನ ಹಾಗೇ."

ಗುರುಗಳು ಎದ್ದು ನಿಂತರು.

"ಏಳು ಮರುಳಯ್ಯ, ಹೋಗಿ ಒಲೆ ಹಚ್ಚು, ನೀನು ಹಾಡಿಕೊಂಡು ಮಾಡುತ್ತಿದ್ದ ಸಾರು ನಿಂತ ದಿನದಿಂದ ಈ ಮಠದಲ್ಲಿ ಯಾರೂ ಹೊಟ್ಟೆ ತುಂಬ ಉಂಡಿಲ್ಲ."